ಮಾಜಾಂಗ್ ಆಡುತ್ತಾ ಆಡಿದ ಮಾತು

ನನಗೆ ಚೀನೀ ಭಾಷೆಯಲ್ಲಿ ಒಂಬತ್ತರವರೆಗೆ ಎಣಿಸಲು ಬರುತ್ತದೆ. ಹತ್ತು ಬರುವುದಿಲ್ಲ.

ಯಾಕೆ ಅಂತ ಕೇಳಿ. ನಾನು ಕಲಿತದ್ದು ಪುಸ್ತಕದಿಂದಲ್ಲ, ಮೊಬೈಲ್ ಆ್ಯಪ್‌ನಿಂದಲೂ ಅಲ್ಲ. ಸಾಲಿಗ್ರಾಮದಲ್ಲಿರುವ ನನ್ನ ತಂಗಿಯ ಮನೆಯ ನಡುಮನೆಯಲ್ಲಿ, ಚಾಪೆಯ ಮೇಲೆ ಕೂತು, ಮಾಜಾಂಗ್ ಎಂಬ ಆಟ ಆಡುತ್ತಾ ಕಲಿತದ್ದು. ಆ ಆಟದ ಬಿಲ್ಲೆಗಳಲ್ಲಿ ಅಂಕಿ ಇರುವುದು ಒಂಬತ್ತರವರೆಗೆ ಮಾತ್ರ. ಹತ್ತು ಯಾರಿಗೆ ಬೇಕು?

'ಈ ವಯಸ್ಸಲ್ಲಿ ಚೈನೀಸಾ?' ಎಂದು ಕೃಷ್ಣರಾಜನಗರದ ನನ್ನ ವಾಕಿಂಗ್ ಗೆಳತಿಯರು ಕಣ್ಣರಳಿಸಿದಾಗ ನಾನು ಬೀಗಿದ್ದೂ ಉಂಟು. ಸುಳ್ಳೇಕೆ ಹೇಳಲಿ? ಕಾಲೇಜಿನಲ್ಲಿ ಜೀವಮಾನವಿಡೀ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಭಾಷೆಯ ವಿಷಯದಲ್ಲಿ ನನ್ನ ಕಿವಿ ಬಲು ಚುರುಕು ಎಂಬ ಜಂಬ ಇದ್ದೇ ಇತ್ತು. ಈ ಅಂಕಣದಲ್ಲಿ ಅದರ ಬಗ್ಗೆ ಒಂದು ತಮಾಷೆಯ ಬರಹ ಬರೆಯಬೇಕೆಂದಿದ್ದೆ. ಟೈಟಲ್ ಕೂಡ ರೆಡಿ ಇತ್ತು.

ಆ ಬರಹ ಬರೆಯಲಿಲ್ಲ. ಇದು ಬೇರೆ ಬರಹ. ಇದನ್ನು ಬರೆಯುವಾಗ, ಮನೆಯಲ್ಲಿ ಯಾರೂ ಇಲ್ಲದಿದ್ದರೂ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ.

ನನ್ನ ತಂಗಿ ಸುಶೀಲಳ ಮಗ ಪ್ರಸನ್ನ ಯೋಗ ಮೇಷ್ಟ್ರು. ನಮ್ಮ ಕಡೆಯ ಎಷ್ಟೋ ಹುಡುಗರ ಹಾಗೆ ಅವನೂ ಯೋಗ ಕಲಿಸಲೆಂದು ಚೀನಾಕ್ಕೆ ಹೋದ. ಚೆಂಗ್ಡು ಎಂಬ ಊರು. (ಚೀನಾದವರಿಗೆ ನಮ್ಮ ಸೂರ್ಯ ನಮಸ್ಕಾರ ಬೇಕು, ನಮಗೆ ಅವರ ಮೊಬೈಲ್ ಬೇಕು. ವ್ಯಾಪಾರ ಸರಿಹೋಯಿತು.) ಅಲ್ಲಿ ಅಮ್ಮನ ಜೊತೆ ನೂಡಲ್ಸ್ ಅಂಗಡಿ ನಡೆಸುತ್ತಿದ್ದ ಲಿನ್ ಎಂಬ ಹುಡುಗಿಯನ್ನು ಮದುವೆಯಾದ. ಆಮೇಲೆ ಕಬಿನಿ ಅಣೆಕಟ್ಟಿನ ಬಳಿ, ಬೀಚನಹಳ್ಳಿಯ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಕೆಲಸ ಸಿಕ್ಕಿತು ಅಂತ ಹೆಂಡತಿಯೊಂದಿಗೆ ಊರಿಗೆ ಬಂದ. ರೆಸಾರ್ಟ್‌ನಲ್ಲಿ ಅವನಿಗೆ ಕೊಟ್ಟದ್ದು ನಾಲ್ಕು ಜನ ಗಂಡಸರು ಮಲಗುವ ಒಂದು ರೂಮು. ಹಾಗಾಗಿ ಲಿನ್ ಸಾಲಿಗ್ರಾಮದಲ್ಲಿ ಅತ್ತೆಯ ಜೊತೆ ಉಳಿದಳು. ಪ್ರಸನ್ನ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ.

ಅತ್ತೆಗೆ ಚೀನೀ ಬಾರದು. ಸೊಸೆಗೆ ಕನ್ನಡ ಬಾರದು. ನಡುವೆ ಒಂದು ಮೊಬೈಲ್. ಲಿನ್ ಅದರಲ್ಲಿ ಏನೋ ಹೇಳುತ್ತಿದ್ದಳು, ಅದು ಕನ್ನಡಕ್ಕೆ ತಿರುಗಿಸಿ ಗಂಡುದನಿಯಲ್ಲಿ ಒದರುತ್ತಿತ್ತು: 'ತಾಯಿಯೇ, ಇಂದು ನಿಮ್ಮ ಮೊಣಕಾಲು ಹೇಗಿದ್ದಾರೆ?' ಸುಶೀಲಾ ಮೊಣಕಾಲು ತೋರಿಸಿ, 'ಇದ್ದಾರಮ್ಮ, ಇದ್ದಾರೆ' ಎನ್ನುತ್ತಿದ್ದಳು.

ನಾನು ಕನ್ನಡ ಮೇಡಂ ಅಲ್ಲವೇ, ಲಿನ್‌ಗೆ ಕನ್ನಡ ಕಲಿಸುವ ಹೊಣೆ ಹೊತ್ತೆ. ವಾರಕ್ಕೆರಡು ಸಲ ಕೆ.ಆರ್. ನಗರದಿಂದ ಬಸ್ಸಿನಲ್ಲಿ ಹೋಗಿ ಎದುರಿಗೆ ಕೂರಿಸಿಕೊಂಡು, 'ನಾನು ಊಟವನ್ನು ಮಾಡುತ್ತೇನೆ, ಅವರು ಊಟವನ್ನು ಮಾಡುತ್ತಾರೆ' ಎಂದು ಹೇಳಿಸಿದೆ. ಅವಳು ತಡವರಿಸಿದಳು. ನಾನು ತಿದ್ದಿದೆ. ಅವಳು ಮತ್ತೂ ತಡವರಿಸಿದಳು. ಸ್ವಲ್ಪ ದಿನ ನೋಡಿ ಕೈಚೆಲ್ಲಿದೆ.

'ಇವಳಿಗೆ ಕನ್ನಡ ಹತ್ತಲ್ಲ ಕಣೆ ಸುಶೀಲ. ಕಿವಿಯೇ ಇಲ್ಲ ಇವಳಿಗೆ' ಅಂದೆ. ಅವಳ ಎದುರಿಗೇ ಅಂದೆ.

ಒಂದು ಮಧ್ಯಾಹ್ನ ಲಿನ್ ತನ್ನ ಸೂಟ್‌ಕೇಸ್‌ನಿಂದ ಒಂದು ಪೆಟ್ಟಿಗೆ ತಂದು ಚಾಪೆಯ ಮೇಲೆ ಸುರಿದಳು. ಹಿಂದೆ ಹಸಿರು, ಮುಂದೆ ಬಿಳುಪು. ಸೋಪಿನ ಚೂರಿನಷ್ಟು ದಪ್ಪದ ಬಿಲ್ಲೆಗಳು. ಕೆಲವುಗಳಲ್ಲಿ ದುಂಡನೆಯ ಸೊನ್ನೆಗಳು, ಕೆಲವುಗಳಲ್ಲಿ ಬಿದಿರುಕಡ್ಡಿಗಳು, ಮಿಕ್ಕವುಗಳಲ್ಲಿ ಚೀನೀ ಬರಹ. ಅವಳ ಊರಿನ ಪದ್ಧತಿಯಲ್ಲಿ ಒಟ್ಟು ನೂರೆಂಟು ಬಿಲ್ಲೆ. 'ನೂರೆಂಟಾ? ಹಾಗಾದ್ರೆ ದೇವರ ಆಟವೇ ಇರಬೇಕು' ಎಂದು ಸುಶೀಲಾ ಕೈತೊಳೆದು ಬಂದಳು.

ರಮ್ಮಿ ಗೊತ್ತಿದ್ದವರಿಗೆ ಮಾಜಾಂಗ್ ಕಷ್ಟವಲ್ಲ. ಒಂದು ಬಿಲ್ಲೆ ಎತ್ತಬೇಕು, ಬೇಡವಾದದ್ದೊಂದನ್ನು ಕೆಳಗೆ ಬಿಡಬೇಕು. ಮೂರು ಮೂರರ ಗುಂಪು ಕಟ್ಟಬೇಕು, ಕೊನೆಗೊಂದು ಜೋಡಿ. ಬೇರೆಯವರು ಬಿಟ್ಟ ಬಿಲ್ಲೆ ನಮ್ಮ ಜೋಡಿಗೆ ಕೂಡುವಂತಿದ್ದರೆ 'ಪಂಗ್' ಎಂದು ಕೂಗಿ ತೆಗೆದುಕೊಳ್ಳಬಹುದು. ಆಟ ಮುಗಿದರೆ 'ಹೂ ಲ' ಎನ್ನಬೇಕು.

ಆಟಕ್ಕೆ ನಾಲ್ಕು ಜನ ಬೇಕು. ಪಕ್ಕದ ಮನೆಯ ಪುಟ್ಟತಾಯಮ್ಮನನ್ನು ಕರೆದೆವು. ಎಪ್ಪತ್ತು ದಾಟಿದ ಹೆಂಗಸು, ಬಾಯಿ ತುಂಬ ಎಲೆಯಡಿಕೆ, ಬಾಯಿ ತುಂಬ ಮಾತು. ಲಿನ್ ಮೊದಲ ಆಟ ಗೆದ್ದು 'ಹೂ ಲ!' ಎಂದಾಗ ಅವರು ತೊಡೆ ತಟ್ಟಿ ನಕ್ಕರು.

'ಊಂ ಲಾ ಅಂತಾಳಲ್ಲವ್ವ! ಈ ಮಗ ಚೀನಾದೋಳಲ್ಲ ಕಣ ಸುಸೀಲವ್ವ, ನಮ್ ಕಡೆಯೋಳೇ!'

ಹೀಗೆ ಶುರುವಾಯಿತು ನನ್ನ ಚೀನೀ ವಿದ್ಯಾಭ್ಯಾಸ. ಯೀ, ಅರ್, ಸಾನ್. ಏಳಕ್ಕೆ 'ಛೀ' ಅನ್ನಬೇಕು, ಎಂಟಕ್ಕೆ 'ಬಾ'. ಪುಟ್ಟತಾಯಮ್ಮ ಎಂಟರ ಬಿಲ್ಲೆ ಬೇಕಾದಾಗಲೆಲ್ಲ 'ಬಾ ನನ್ ಕಂದ, ಬಾ' ಎಂದು ಕರೆಯುತ್ತಿದ್ದರು. ಬರಹದ ಬಿಲ್ಲೆಗೆ ವಾನ್, ಸೊನ್ನೆಗೆ ತೊಂಗ್, ಕಡ್ಡಿಗೆ ತಿಯಾವ್. ಕೆಲವೇ ವಾರಗಳಲ್ಲಿ ನಾನು 'ವೂ ತೊಂಗ್' ಎಂದು ಐದು ಸೊನ್ನೆಯ ಬಿಲ್ಲೆಯನ್ನು ಠೀವಿಯಿಂದ ಬಿಡುವ ಮಟ್ಟಕ್ಕೆ ಬಂದೆ. ಲಿನ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ನನಗೆ ಹತ್ತನೇ ಕ್ಲಾಸಿನಲ್ಲಿ ಬಹುಮಾನ ಬಂದಷ್ಟು ಹಿಗ್ಗು.

ಪಣಕ್ಕೆ ದುಡ್ಡಲ್ಲ, ಹುಣಸೆ ಬೀಜ. ಆದರೂ ಗೆಲ್ಲುವ ಆಸೆ ಯಾರನ್ನು ಬಿಟ್ಟಿದೆ? ನಾವು ಮೂವರೂ ಒಂದು ಉಪಾಯ ಕಂಡುಕೊಂಡೆವು. ಉಪಾಯವೇನು ಬಂತು, ಮೋಸ ಅನ್ನಿ. ನಮಗೆ ಬೇಕಾದ ಬಿಲ್ಲೆಯನ್ನು ಕನ್ನಡದಲ್ಲಿ ಬಾಯಿಬಿಟ್ಟು ಕೇಳತೊಡಗಿದೆವು.

'ಅಕ್ಕಾ, ಎರಡು ಕಡ್ಡೀದು ಇದ್ರೆ ಬಿಡೇ.'

'ನನ್ನತ್ರ ಇಲ್ಲ. ಪುಟ್ಟತಾಯಮ್ಮ, ನಿಮ್ಮತ್ರ?'

'ಅದೆ ಕಣವ್ವ, ತಡಿ, ಬುಡ್ತೀನಿ.'

ಎದುರಿಗೆ ಲಿನ್ ಮುಗುಳ್ನಗುತ್ತಾ ಕೂತಿರುತ್ತಿದ್ದಳು. ಪಾಪದ ಹುಡುಗಿ, ಏನೂ ತಿಳಿಯದು ಎಂದು ನಾವು ಒಳಗೊಳಗೇ ನಗುತ್ತಿದ್ದೆವು.

ಬರೀ ಬಿಲ್ಲೆ ಕೇಳಿದ್ದರೆ ಈ ಬರಹ ಬೇಕಿರಲಿಲ್ಲ.

ನಾಲ್ಕು ಜನ ಕೂತ ಕಡೆ ಮೂವರಿಗೆ ಮಾತ್ರ ಭಾಷೆ ಬರುತ್ತದೆ ಎಂದಾದರೆ ಆ ಮೂವರು ಯಾರ ಬಗ್ಗೆ ಮಾತಾಡುತ್ತಾರೆ? ಹೇಳಬೇಕಾಗಿಲ್ಲ. ಅವಳು ಮಾಡಿದ ಸಾರಿನಲ್ಲಿ ಸಕ್ಕರೆ ಹಾಕಿದ್ದಳು. ಅವಳು ರಾತ್ರಿ ಸ್ನಾನ ಮಾಡುತ್ತಾಳೆ. ಅವಳು ಮಾಂಗಲ್ಯವನ್ನು ಬಿಚ್ಚಿ ಸೋಪಿನ ಡಬ್ಬಿಯಲ್ಲಿಡುತ್ತಾಳೆ. ಅವಳು ನಗುವಾಗ ಕಣ್ಣುಗಳೆಲ್ಲಿ ಹೋಗುತ್ತವೆ? ಎಲ್ಲವನ್ನೂ ಅವಳ ಮುಖ ನೋಡಿಕೊಂಡೇ, ನಗುನಗುತ್ತಾ, ಬಿಲ್ಲೆ ಎತ್ತುತ್ತಾ ಹೇಳಿದೆವು. ಸುಶೀಲಾ ಹೆಚ್ಚು ಹೇಳಿದಳೋ ನಾನು ಹೆಚ್ಚು ಹೇಳಿದೆನೋ, ಲೆಕ್ಕ ಹಾಕಲು ಹೋಗುವುದಿಲ್ಲ. ಪುಟ್ಟತಾಯಮ್ಮ ಕೇಳಿಸಿಕೊಂಡದ್ದೇ ಹೆಚ್ಚು.

ಆಮೇಲೆ ಆ ದಿನ.

ಸುಶೀಲಾ ಬೆಳಿಗ್ಗೆ ನೆಂಟರ ಮನೆಯ ಸೀಮಂತಕ್ಕೆ ಹೋಗಿ ಬಂದಿದ್ದಳು. ಅಲ್ಲಿ ಯಾರೋ, 'ನಿಮ್ಮ ಸೊಸೇದು ಏನೂ ವಿಶೇಷ ಇಲ್ವಾ? ಆ ದೇಶದೋರಿಗೆ ಮಕ್ಕಳು ಬೇಡ್ವಂತೆ, ಹೌದಾ?' ಎಂದು ಕೇಳಿದ್ದರು. ಕೇಳಿದವರು ಊಟ ಮಾಡಿ ಎದ್ದು ಹೋದರು. ಇವಳು ಅದನ್ನು ಮನೆಗೆ ಹೊತ್ತು ತಂದಳು. ಬಿಲ್ಲೆ ಜೋಡಿಸುತ್ತಾ ಕಣ್ಣಲ್ಲಿ ನೀರು ತಂದುಕೊಂಡಳು.

ನಾನು ಸಮಾಧಾನ ಮಾಡಲು ಹೋದೆ. ಅಕ್ಕ ಅಲ್ಲವೇ?

'ಇನ್ನೊಂದು ವರ್ಷ ನೋಡು ಸುಶೀಲ. ಆಗ್ಲಿಲ್ಲ ಅಂದ್ರೆ ಇವಳೇನು ಇಲ್ಲೇ ಬೇರು ಬಿಡೋಳಾ? ಒಂದಿನ ಅವಳ ದೇಶಕ್ಕೆ ಹೊರಟುಹೋಗ್ತಾಳೆ. ಪ್ರಸನ್ನಂಗೆ ಏನು ಮಹಾ ವಯಸ್ಸಾಗಿದೆ? ಬೇರೆ ಸಂಬಂಧ ನೋಡಿದ್ರಾಯ್ತು.'

ಪುಟ್ಟತಾಯಮ್ಮ ಬಾಯಿಯ ಎಲೆಯಡಿಕೆ ಪಕ್ಕಕ್ಕೆ ಸರಿಸಿ ನನ್ನತ್ತ ನೋಡಿದರು. 'ಬುಡಿ ಮೇಡಮ್ಮೋರೆ. ಎದುರ್ಗೇ ಕೂತದೆ ಮಗ. ಅಂಗೆಲ್ಲ ಅನ್ಬಾರ್ದು.'

'ಅವಳಿಗೇನು ಅರ್ಥವಾಗುತ್ತೆ?' ಎಂದು ನಾನು ಲಿನ್‌ಳತ್ತ ನಕ್ಕೆ. 'ಛೀ ವಾನ್' ಎಂದು ಏಳರ ಬಿಲ್ಲೆ ಬಿಟ್ಟೆ.

ಲಿನ್ ಕೂಡ ನಕ್ಕಳು. 'ಪಂಗ್' ಎಂದು ಅದನ್ನು ತೆಗೆದುಕೊಂಡಳು.

ಇದೇ ಜಾಗದಲ್ಲಿ, ಇದೇ ಅಂಕಣದಲ್ಲಿ, ಮಕ್ಕಳಾಗದ ಹೆಣ್ಣನ್ನು ಸಮಾಜ ಹೇಗೆ ನೋಯಿಸುತ್ತದೆ ಎಂದು ನಾನು ಬರೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಓದಿ ಅತ್ತೆವು ಎಂದು ಫೋನ್ ಮಾಡಿದವರೂ ಇದ್ದೀರಿ. ಆ ಸಮಾಜ ಎಂಬುದು ಎಲ್ಲಿರುತ್ತದೆ ಎಂದು ನೀವು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇದಾಗಿ ಎಷ್ಟೋ ದಿನದ ಮೇಲೆ, ಒಂದು ಮಧ್ಯಾಹ್ನ ಆಟ ರಂಗೇರಿತ್ತು. ಸುಶೀಲಾ ಕುಣಿಯುವಂತೆ ಕೂತಿದ್ದಳು. 'ಅಕ್ಕಾ, ಐದು ಸೊನ್ನೇದು ಒಂದು ಬಂದ್ರೆ ನಂದು ಮುಗೀತು ಕಣೆ. ಇದ್ಯಾ?' ನನ್ನ ಹತ್ತಿರ ಇರಲಿಲ್ಲ. ಪುಟ್ಟತಾಯಮ್ಮನ ಹತ್ತಿರವೂ ಇರಲಿಲ್ಲ. ಲಿನ್ ತನ್ನ ಸಾಲಿನಿಂದ ಒಂದು ಬಿಲ್ಲೆ ಎತ್ತಿ ಮೆಲ್ಲಗೆ ಕೆಳಗಿಟ್ಟಳು.

ಐದು ಸೊನ್ನೆ.

'ಹೂ ಲ!' ಎಂದು ಸುಶೀಲಾ ಕಿರುಚಿದಳು. ಸೀಮಂತದ ದಿನದಿಂದ ಅವಳು ಅಷ್ಟು ನಕ್ಕಿರಲಿಲ್ಲ.

ಅದೃಷ್ಟ ಅಂದುಕೊಂಡೆ. ಮುಂದಿನ ಆಟದಲ್ಲಿ ಸುಶೀಲಾ ಮೂರು ಕಡ್ಡಿ ಕೇಳಿದಳು. ಲಿನ್ ಮೂರು ಕಡ್ಡಿ ಬಿಟ್ಟಳು.

ಇದೂ ಅದೃಷ್ಟವೇ? ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಪರೀಕ್ಷೆ ಮಾಡುವುದು ಮೇಷ್ಟರ ಹುಟ್ಟುಗುಣ.

'ಸುಶೀಲ, ನನಗೊಂದು ಒಂಬತ್ತು ಕಡ್ಡಿ ಸಿಕ್ಕಿದ್ರೆ ಸಾಕು, ಗೆದ್ದೆ' ಅಂದೆ. ಸುಳ್ಳು. ನನ್ನ ಕೈಯಲ್ಲಿ ಒಂದೇ ಒಂದು ಕಡ್ಡಿಯ ಬಿಲ್ಲೆಯೂ ಇರಲಿಲ್ಲ.

ಲಿನ್‌ಳ ಬೆರಳು ಅವಳ ಸಾಲಿನ ಮೇಲೆ ಸರಿದಾಡಿತು. ಒಂದು ಕಡೆ ನಿಂತಿತು. ಸಂದು ಬಿಟ್ಟು ಬೇರೆಯಾಗಿ ಜೋಡಿಸಿಟ್ಟಿದ್ದ ಮೂರರ ಗುಂಪನ್ನು ಮುರಿದು ಒಂದು ಬಿಲ್ಲೆ ತೆಗೆದಳು. ಕೆಳಗಿಟ್ಟಳು. ಒಂಬತ್ತು ಕಡ್ಡಿ.

ನಾನು ಅದನ್ನು ತೆಗೆದುಕೊಳ್ಳಲಿಲ್ಲ. ಹೇಗೆ ತೆಗೆದುಕೊಳ್ಳಲಿ? ನನಗೆ ಅದು ಬೇಕಿರಲೇ ಇಲ್ಲವಲ್ಲ.

ಲಿನ್ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ನಾನು ಪರೀಕ್ಷೆ ಮಾಡಿದ್ದು ಅವಳಿಗೆ ತಿಳಿಯಿತು. ಅವಳಿಗೆ ತಿಳಿಯಿತೆಂದು ನನಗೆ ತಿಳಿಯಿತು. ಅವಳು ಕಣ್ಣು ಕೆಳಗೆ ಹಾಕಿದಳು. ತಪ್ಪು ಮಾಡಿದವಳು ಅವಳೇ ಎನ್ನುವ ಹಾಗೆ.

ಪುಟ್ಟತಾಯಮ್ಮ, 'ಯಾಕವ್ವ ಮೇಡಮ್ಮೋರೆ, ಕೇಳಿದ್ದು ಬಂದ್ರೂ ಎತ್ಕಳಲ್ಲ?' ಅಂದರು.

ತಲೆನೋವು ಎಂದು ಎದ್ದೆ.

ಕೆ.ಆರ್. ನಗರದ ಬಸ್ಸಿನಲ್ಲಿ ಕೂತು, ಆಡಿದ ಮಾತನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಸಾರು ಕೇಳಿಸಿರಬಹುದು. ಸೋಪಿನ ಡಬ್ಬಿ ಕೇಳಿಸಿರಬಹುದು. ಕಣ್ಣಿನ ಮಾತು? ಆ ದಿನದ ಮಾತು? ಆಗಿನ್ನೂ ಅಷ್ಟು ಕನ್ನಡ ಬರುತ್ತಿರಲಿಲ್ಲವೇನೋ. ಬರುತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತಾ ಹೋದೆ. ಕನ್ನಡ ಮೇಡಂ ಒಬ್ಬಳು, ದೇವರೇ ಇವಳಿಗೆ ಕನ್ನಡ ಬಾರದಿರಲಿ ಎಂದು ಬೇಡಿಕೊಳ್ಳುವ ಕಾಲ ಬಂತು ನೋಡಿ.

ಅದೇ ವಾರ ಸುಶೀಲಾ ಫೋನ್ ಮಾಡಿದಳು. ಪ್ರಸನ್ನ ಲಿನ್‌ಳನ್ನು ರೆಸಾರ್ಟ್‌ಗೆ ಹತ್ತಿರದ ಎಚ್.ಡಿ. ಕೋಟೆಗೆ ಬರಹೇಳಿದ್ದಾನೆ. ಏನೋ ಕೆಲಸವಂತೆ. ನನಗೆ ಮೊಣಕಾಲು ನೋವು, ನೀನು ಕರ್ಕೊಂಡು ಹೋಗ್ತೀಯಾ ಅಕ್ಕ?

ಹೋದೆ. ಹುಣಸೂರಿನವರೆಗೆ ಬಸ್ಸಿನಲ್ಲಿ ಇಬ್ಬರೂ ಕಿಟಕಿ ನೋಡಿದೆವು. ಅವಳ ಮೊಬೈಲ್ ಬ್ಯಾಗಿನಲ್ಲಿತ್ತು. ನನ್ನ ಚೀನೀ ಭಾಷೆ ನನ್ನ ಬಾಯಲ್ಲಿತ್ತು. ಆದರೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹುಣಸೂರಿನವರೆಗೆ ಹೋಗಲು ಆಗುತ್ತದೆಯೇ?

ಹುಣಸೂರು ಸ್ಟ್ಯಾಂಡಿನಲ್ಲಿ ಇಳಿದು ಕೋಟೆ ಬಸ್ಸಿಗೆ ಕಾದು ಕೂತೆವು. ಸೀಬೆಹಣ್ಣಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದಳು. ಲಿನ್‌ಳನ್ನು ನೋಡಿ ನನ್ನನ್ನು ಕೇಳಿದಳು: 'ಯಾವ ಕ್ಯಾಂಪವ್ವ ಇವ್ರು? ಬೈಲುಕುಪ್ಪೆಯೋರಾ, ಗುರುಪುರದೋರಾ?' ಹುಣಸೂರಿನಲ್ಲಿ ಅಂಥ ಮುಖ ಕಂಡರೆ ಟಿಬೆಟ್ ಕ್ಯಾಂಪಿನವರು ಎಂದೇ ಲೆಕ್ಕ. ಹೇಗೆ ವಿವರಿಸುವುದು ಎಂದು ನಾನು ಗಂಟಲು ಸರಿಮಾಡಿಕೊಂಡೆ.

'ಕ್ಯಾಂಪ್ ಅಲ್ಲ ಕಣವ್ವ' ಎಂದಿತು ನನ್ನ ಪಕ್ಕದ ದನಿ. 'ಸಾಲಿಗ್ರಾಮ. ಎರಡು ಕೊಡು. ಖಾರ ಜಾಸ್ತಿ ಹಾಕು.'

ಸೀಬೆಹಣ್ಣಿನವಳಿಗೆ ಏನೂ ಅನ್ನಿಸಲಿಲ್ಲ. ಹಣ್ಣು ಸೀಳಿ ಉಪ್ಪು ಖಾರ ಸವರಿ ಕೊಟ್ಟು ಹೋದಳು. ನಾನು ಹಣ್ಣು ಕೈಯಲ್ಲಿ ಹಿಡಿದುಕೊಂಡು ಕೂತೆ. ನಾನು ಕಲಿಸಿದ 'ಊಟವನ್ನು ಮಾಡುತ್ತೇನೆ' ಕನ್ನಡ ಅದಲ್ಲ. ಪುಟ್ಟತಾಯಮ್ಮನ ಕನ್ನಡ. ಮಾಜಾಂಗ್ ಚಾಪೆಯ ಕನ್ನಡ.

'ಯಾವಾಗಿಂದ ಲಿನ್?' ಎಂದು ಕೇಳಿದೆ.

'ಒಂದೇ ದಿನ ಬರ್ನಿಲ್ಲ ದೊಡ್ಡಮ್ಮ. ಮೊದ್ಲು "ಬುಡು" ಗೊತ್ತಾಯ್ತು. ಆಮೇಲೆ "ಕೊಡು". ಆಮೇಲೆ "ಕಳ್ಳಿ".' ಅವಳು ನಕ್ಕಳು. ಗೆದ್ದವರನ್ನೆಲ್ಲ ಪುಟ್ಟತಾಯಮ್ಮ ಕಳ್ಳಿ ಎಂದೇ ಬಯ್ಯುತ್ತಿದ್ದುದು.

'ನಮಗೆ ಹೇಳಬಹುದಿತ್ತಲ್ಲ?'

'ಹೇಳ್ಬೇಕು ಅಂದ್ಕಂಡೆ. ಆವತ್ತು ಅತ್ತೆ ನನ್ ಸಾರು ಬಗ್ಗೆ ಮಾತಾಡ್ತಿದ್ರು. ಈಗ ಹೇಳುದ್ರೆ ಅತ್ತೆಗೆ ನಾಚ್ಕೆ ಆಯ್ತದೆ ಅಂತ ಸುಮ್ಕಾದೆ. ನಾಳೆ ಹೇಳ್ತೀನಿ ಅಂದ್ಕಂಡೆ. ನಾಳೆ ಬ್ಯಾರೆ ಮಾತು. ದಿನಾ ದಿನಾ ಇನ್ನೂ ಕಷ್ಟ ಆಯ್ತು.'

'ಬಿಲ್ಲೆ ಯಾಕೆ ಬಿಟ್ಟುಕೊಡುತ್ತಿದ್ದೆ?'

'ಅತ್ತೆ ಗೆದ್ರೆ ನಗ್ತಾರೆ. ಬ್ಯಾರೆ ಟೇಮಲ್ಲಿ ನನ್ ನೋಡಿ ನಗಲ್ಲ.'

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಹುಣ್ಣಿದ್ದ ಕಡೆಯೇ ಕೈ ಹೋಗುತ್ತದೆ. ಆ ಸೀಮಂತದ ದಿನ, ಎಂದು ಶುರುಮಾಡಿದೆ.

ಅವಳೇ ಮುಂದುವರಿಸಿದಳು. ಸಿಟ್ಟಿನಿಂದಲ್ಲ. ಹಣ್ಣು ತಿನ್ನುತ್ತಾ, ಕನ್ನಡದ ಪದ ಹುಡುಕಿ ಹುಡುಕಿ.

'ಆವತ್ತು ನೀವು ಹೇಳುದ್ರಲ್ಲ, "ಸಂಬಂಧ" ಅಂತ. ಆ ಪದ ಗೊತ್ತಿರ್ನಿಲ್ಲ. ಪ್ರಸನ್ನಂಗೆ ಫೋನ್ ಮಾಡಿ ಕೇಳ್ದೆ. ನಮ್ ಭಾಷೇಲಿ ಗ್ವಾನ್‌ಶಿ ಅಂದ್ರು. ಅಂದ್ರೆ ನಿಮ್ಗೂ ನಂಗೂ ಇರೋದು. ಅತ್ತೆಗೂ ನಂಗೂ ಇರೋದು. ತುಂಬ ಒಳ್ಳೆ ಪದ ದೊಡ್ಡಮ್ಮ. ನೀವು ನನ್ ಬಗ್ಗೆ ಏನೋ ಒಳ್ಳೇದು ಹೇಳಿದ್ರಿ ಅಂತ ಖುಷಿ ಆಯ್ತು.'

ಬಸ್ಸೊಂದು ಹೊಗೆ ಉಗುಳಿ ಹೋಯಿತು. ನಮ್ಮದಲ್ಲ, ಪಿರಿಯಾಪಟ್ಟಣದ್ದು.

'ಹೋದ ವಾರ ಪುಟ್ಟತಾಯಮ್ಮಜ್ಜಿ, ಮೊಮ್ಮಗಳಿಗೆ ಸಂಬಂಧ ಬಂದದೆ ಅಂದ್ರು. ಹುಡುಗ ಪಿರಿಯಾಪಟ್ಟಣದೋನು, ಹೊಗೆಸೊಪ್ಪು ಬೆಳೀತಾರೆ, ಮದ್ವೆ ಮಾತು ಅಂದ್ರು. ಆಗ ಗೊತ್ತಾಯ್ತು.' ಅವಳು ಕೈಯ ಖಾರವನ್ನು ಕರ್ಚೀಫಿಗೆ ಒರೆಸಿಕೊಂಡಳು. 'ಸಂಬಂಧಕ್ಕೆ ಇನ್ನೂ ಒಂದು ಅರ್ಥ ಅದೆ.'

ಹೋದ ವಾರ. ಅಂದರೆ, ನಾನು ಒಂಬತ್ತು ಕಡ್ಡಿ ಕೇಳಿದ ದಿನ ಅವಳಿಗೆ ಆ ಇನ್ನೊಂದು ಅರ್ಥ ಗೊತ್ತಿತ್ತು. ಗೊತ್ತಿದ್ದೂ ತನ್ನ ಗುಂಪು ಮುರಿದು ನನಗೆ ಬಿಲ್ಲೆ ಕೊಟ್ಟಿದ್ದಳು.

ಕನ್ನಡದಲ್ಲಿ 'ಕ್ಷಮಿಸು' ಎಂದು ನಾನು ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ಅದು ಭಾಷಣದ ಪದ, ಪತ್ರದ ಪದ. 'ಸಾರಿ' ಅನ್ನೋಣವೆಂದರೆ ಬಸ್ಸಿನಲ್ಲಿ ಕಾಲು ತುಳಿದವರಿಗೆ ಹೇಳುವ ಮಾತು. ನಾನು ಕಲಿತ ಚೀನೀ ಭಾಷೆಯಲ್ಲಿ ಕೊಡು, ತಗೋ, ಗೆದ್ದೆ ಇವಿಷ್ಟೇ ಇದ್ದವು.

'ನಿಮ್ಮ ಭಾಷೆಯಲ್ಲಿ ತಪ್ಪಾಯ್ತು ಅನ್ನೋದಕ್ಕೆ ಏನಂತಾರೆ?' ಎಂದು ಕೇಳಿದೆ.

ಅವಳು ಕರ್ಚೀಫು ಮಡಿಸಿಟ್ಟಳು. 'ದುಯ್ ಬು ಛೀ.'

'ದುಯ್ ಬು ಛೀ' ಅಂದೆ.

'ಅಲ್ಲ. ದುಯ್ ಮೇಲಿಂದ ಕೆಳಕ್ಕೆ. ಛೀ ಮೆತ್ತಗೆ. ಇನ್ನೊಂದ್ಸಲ.'

ಹೇಳಿದೆ.

'ಅಲ್ಲ. ಇನ್ನೊಂದ್ಸಲ.'

ಮತ್ತೆ ಹೇಳಿದೆ. ಪಕ್ಕದ ಬೆಂಚಿನ ಹುಡುಗಿಯರು ಕಿಸಕ್ಕನೆ ನಕ್ಕರು. ಅವಳು ಬಿಡಲಿಲ್ಲ. ನಾನು ಅವಳಿಗೆ 'ಊಟವನ್ನು' ಹೇಳಿಸಿದ ಹಾಗೆಯೇ ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು. ಉಚ್ಚಾರ ತಿದ್ದುತ್ತಿದ್ದಾಳೋ, ಅಥವಾ ಅಷ್ಟು ಸಲ ಕೇಳಬೇಕೆಂದು ಅವಳಿಗೆ ಅನ್ನಿಸಿತ್ತೋ? ಈಗಲೂ ನನಗೆ ತಿಳಿದಿಲ್ಲ. 'ಕೋಟೆ ಬಸ್ ಬಂತು' ಎಂದು ಯಾರೋ ಕೂಗುವವರೆಗೂ ಹೇಳುತ್ತಲೇ ಇದ್ದೆ. ಅವಳು ನನ್ನ ಬ್ಯಾಗನ್ನೂ ತಾನೇ ಎತ್ತಿಕೊಂಡು ಹತ್ತಿದಳು. ಸರಿಯಾಯಿತು ಎಂದು ಮಾತ್ರ ಹೇಳಲಿಲ್ಲ.

ಕೋಟೆಯಲ್ಲಿ ಪ್ರಸನ್ನ ನಗುನಗುತ್ತಾ ಕಾಯುತ್ತಿದ್ದ. 'ದೊಡ್ಡಮ್ಮ, ಚೈನೀಸ್ ಹೆಂಗೆ ನಡೀತಿದೆ?' ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ.

ನಮ್ಮನ್ನು ಕರೆದುಕೊಂಡು ಹೋದದ್ದು ಒಂದು ಬಾಡಿಗೆ ಮನೆಗೆ. ಎರಡು ರೂಮು, ಹಿಂದೆ ಒಂದು ನುಗ್ಗೆಮರ. ಲಿನ್ ಒಳಗೆ ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದಳು. ಪ್ರಸನ್ನ ಬಾಗಿಲಲ್ಲಿ ನನ್ನೊಡನೆ ನಿಂತ.

'ಬಂದಾಗಿಂದ ಕೇಳ್ತಿದ್ದೆ ದೊಡ್ಡಮ್ಮ, ಇಲ್ಲೇ ಮನೆ ಮಾಡೋಣ, ದಿನಾ ಒಟ್ಟಿಗಿರಬಹುದು ಅಂತ. ಅತ್ತೆ ಒಬ್ರೇ ಆಗ್ತಾರೆ, ಅತ್ತೆಗೆ ನಾನು ಬೇಕು, ಬೇಡ ಬೇಡ ಅಂತಿದ್ಲು. ಅದೇನಾಯ್ತೋ, ಹೋದ ವಾರ ಅವಳೇ ಫೋನ್ ಮಾಡಿ ನೋಡು ಅಂದ್ಲು.'

ಅದೇನಾಯಿತೋ ಎಂಬುದು ನನಗೆ ಗೊತ್ತಿತ್ತು. 'ಒಳ್ಳೇ ಮನೆ ಕಣೋ, ಗಾಳಿ ಬೆಳಕು ಚೆನ್ನಾಗಿದೆ' ಅಂದೆ.

ಹೇಡಿತನ ಅನ್ನುತ್ತೀರಾ? ಅನ್ನಿ.

ಸುಶೀಲಳಿಗೆ ಮಾತ್ರ ಹೇಳಿದೆ. ಸಾಲಿಗ್ರಾಮಕ್ಕೆ ಹೋಗಿ, ಎದುರು ಕೂತು, ಒಂದೂ ಬಿಡದೆ ಹೇಳಿದೆ. ಅವಳು ಮೊದಲು ಕೇಳಿದ್ದು, 'ಸಾರಿನ ವಿಷಯಾನೂ ಕೇಳಿಸ್ಕೊಂಡ್ಲಾ?' ಆಮೇಲೆ, 'ಆ ಮಾತು ಹೇಳಿದ್ದು ನೀನು ಕಣೆ ಅಕ್ಕ' ಅಂದಳು.

'ಹೌದು, ನಾನೇ.'

'ನಾನು ಬೇಡ ಅನ್ನಲಿಲ್ಲ' ಎಂದು ಅಡುಗೆಮನೆಗೆ ಎದ್ದು ಹೋದಳು. ಅವಳು ಅಳುವುದು ಕೇಳಿಸಿತು. ನಾನು ಹಿಂದೆ ಹೋಗಲಿಲ್ಲ. ಸಮಾಧಾನ ಮಾಡುವ ನನ್ನ ಶಕ್ತಿ ಎಂಥದ್ದೆಂದು ಇಬ್ಬರಿಗೂ ಗೊತ್ತಿತ್ತಲ್ಲ.

ಲಿನ್ ಕೋಟೆಗೆ ಹೋದಳು. ಕೂಗಾಟವಿಲ್ಲ, ಮುನಿಸಿಲ್ಲ. ಹೋಗುವ ದಿನ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು, ನನ್ನ ಕಾಲಿಗೂ ಮಾಡಿದಳು. ಪ್ರಸನ್ನನಿಗೆ ರಜೆ ಸಿಕ್ಕಾಗ ಇಬ್ಬರೂ ಬರುತ್ತಾರೆ. ನಾನೂ ಹೋಗುತ್ತೇನೆ. ಚಾಪೆ ಹಾಸಿ ಬಿಲ್ಲೆ ಸುರಿಯುತ್ತೇವೆ. ಈಗ ಅವಳು ಯಾರಿಗೂ ಏನೂ ಬಿಟ್ಟುಕೊಡುವುದಿಲ್ಲ. ಹುಣಸೆ ಬೀಜವೆಲ್ಲ ಅವಳ ಮುಂದೆ ಗುಡ್ಡೆ. ಅವಳು ಪುಟ್ಟತಾಯಮ್ಮನ ಜೊತೆ ಬಾಯಿಗೆ ಬಾಯಿ ಕೊಟ್ಟು ಮಾತಾಡುತ್ತಾಳೆ. ಪುಟ್ಟತಾಯಮ್ಮನಿಗಂತೂ ಹಬ್ಬ. 'ನಾನ್ ಏಳ್ಳಿಲ್ವಾ, ಈ ಮಗ ನಮ್ ಕಡೆಯೋಳೇ ಅಂತ?' ಎನ್ನುತ್ತಾರೆ.

ಸುಶೀಲಾ ಮತ್ತು ನಾನು ಬಿಲ್ಲೆ ನೋಡುತ್ತಾ ಕೂತಿರುತ್ತೇವೆ. ಮೊನ್ನೆ ಪುಟ್ಟತಾಯಮ್ಮ ಕೇಳಿಯೇಬಿಟ್ಟರು: 'ಏನವ್ವ, ಅಕ್ತಂಗೀರಿಗೆ ಬಾಯೇ ಬಿದ್ದೋಯ್ತಾ?' ಲಿನ್ ಮುಂದಿನ ಬಿಲ್ಲೆ ಎತ್ತಿದಳು. ಮಕ್ಕಳ ವಿಷಯ ನಾನು ಎತ್ತಿಲ್ಲ. ಎತ್ತುವುದಿಲ್ಲ. ಅದು ಅವರಿಬ್ಬರ ಮಾತು, ಅವರು ಯಾವ ಭಾಷೆಯಲ್ಲಾದರೂ ಆಡಿಕೊಳ್ಳಲಿ.

ಇದನ್ನು ಅಂಕಣದಲ್ಲಿ ಬರೆಯಲೇ ಎಂದು ಅವಳನ್ನು ಕೇಳಿದೆ. ಕೇಳದೆ ಬರೆಯುವ ಧೈರ್ಯ ಇರಲಿಲ್ಲ. ನಿನ್ನ ಹೆಸರು ಬದಲಿಸುತ್ತೇನೆ, ನನ್ನ ತಪ್ಪು ಇದ್ದ ಹಾಗೇ ಬರೆಯುತ್ತೇನೆ ಅಂದೆ. ಅವಳು ಬಿಲ್ಲೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ತಲೆಯೆತ್ತಲಿಲ್ಲ.

'ಬರೀರಿ ದೊಡ್ಡಮ್ಮ. ನಂಗೆ ಕನ್ನಡ ಓದಕ್ಕೆ ಬರಲ್ಲ' ಅಂದಳು.

ನೀವಾಗಿದ್ದರೆ ನಂಬುತ್ತಿದ್ದಿರಾ?